ಲಾಟ್ ಸಾಹೇಬ ಚಹಾ ಕುಡದ ಮನಿ

ನನ್ನ ನಸೀಬನ ಹಂಗ. ಒಂದೀಟು ಕಾಲ ಚಾಚಿ ಕೂತ್ನಿ ಅಂದ್ರ ಮುಗೀತು, ಎಲ್ಲಿಂದರ ಒಂದು ಭಾನಗಡಿ ಬಂದು ಬಾಗಲಾ ಬಡೀತೈತಿ. ಸಾಂತಾಕ್ರೂಜ್‌ನ ಆ ಹಳೇ ಬಂಗಲೆದಾಗ ಇದ್ದ ಅಷ್ಟೂ ವರ್ಷ ಹಂಗ ಆತು. ಎಪ್ಪತ್ತರ ಆಚೀಚೆ ಮಾತಿದು. ಹಿಂದಕ ಮುಂಬೈದಾಗ ಪ್ಲೇಗ್ ಬಂದು ಉಳ್ಳವ್ರೆಲ್ಲಾ ಊರ ಹೊರಗ ಓಡಿದ್ರಲ್ಲ, ಆವಾಗ ಮನಿ ಮಾಲಕ ಶೇಠನ ಅಜ್ಜ ಗಾಳಿ ಛಲೋ ಐತಿ ಅಂತ ಕಟ್ಟಿಸಿದ ಮನಿ. ಸಾಗವಾನಿ ಕಂಬ, ಬಣ್ಣದ ಗಾಜಿನ ಕಿಡಕಿ, ನೆಲಕ್ಕ ಹೂವಿನ ಚಿತ್ರದ ಫರಸಿ, ಮ್ಯಾಲ ಮಂಗಳೂರ ಹಂಚು. ಕೆಳಗ ಹಿಂದಿನ ಎರಡು ಖೋಲಿಯೊಳಗ ಧಾರವಾಡದ ನಾನು, ನನ್ನಾಕಿ. ಮುಂದಿನ ಎರಡು ಖೋಲಿಗೆ ಶೇಠನ ಕೀಲಿ; ಅವಕ್ಕೂ ನಮ್ಮ ಅಡಗಿಮನಿಗೂ ಮ್ಯಾಲ ಮಾಳಿಗಿ ಇಲ್ಲ, ಬರೇ ಹಂಚು. ಮಾಳಿಗಿ ಮ್ಯಾಲ ನಾವೆಲ್ಲಾ ಮಾಮಾ ಅಂತಿದ್ದ ಉಡುಪಿ ಕಡೆಯಾಂವ, ಫೋರ್ಟಿನ ಒಂದು ಹೋಟೆಲಿನ್ಯಾಗ ಗಲ್ಲಾದ ಮ್ಯಾಲ ಕೂಡಂವಾ. ಅವರ ಬಾಜೂಕ ಇನ್ನೆರಡು ಬಿಡಾರ.

ನಮ್ಮ ಗಲ್ಲಿಯೊಳಗ ಹಳೇ ಮನಿ ಒಂದೊಂದ ಬೀಳಾಕತ್ತಿದ್ವು, ಬಿಲ್ಡಿಂಗ್ ಏಳಾಕತ್ತಿದ್ವು. ಶೇಠಗೂ ಅದ ಆಸೆ. ಮನಿ ಬೀಳೂ ಹಂಗ ಐತಿ ಅಂತ ಮುನ್ಸಿಪಾಲ್ಟಿಯವ್ರು ಬರದು ಕೊಟ್ರ ಸಾಕು, ನಾವೆಲ್ಲಾ ಹಾಸಿಗಿ ಸುತ್ತಿಕೊಂಡು ಬೀದ್ಯಾಗ. ಅದನ್ನ ಕೇಳಿದ ದಿವಸದಿಂದ ಯಾರರ ಬಾಗಲಾ ಬಡದ್ರ ಸಾಕು, ನಾ ಮೊದಲು ಹಾಸಿಗಿ ಸುತ್ತತಿದ್ನಿ.

೧. ಸುತ್ತಿಗಿ ಸಾಹೇಬ

ಮೊದಲು ಬಂದಾಂವ ಒಬ್ಬ ಸಣ್ಣ ಇನ್ಸ್‌ಪೆಕ್ಟರ್. ಈ ಸಾಹೇಬ್ರು, ಶೇಠ ಎಲ್ಲಾರೂ ಮಾತಾಡಿದ್ದು ಹಿಂದಿ-ಮರಾಠಿ ಖಿಚಡಿ. ನಿಮಗ ನಾ ಕನ್ನಡದಾಗ ಹೇಳಾಕತ್ತೀನಿ, ಆತಿಲ್ಲೋ? ಬಂದಕೂಡ್ಲೆ ಚೀಲದಿಂದ ಸುತ್ತಿಗಿ ತಗದು ಗ್ವಾಡಿಗೆ ಠಣ್ ಅಂತ ಬಡದ. ಗಿಲಾವು ಒಂದು ಬುಟ್ಟಿ ಉದರಿತು.

"ನೋಡ್ರಿ, ನೋಡ್ರಿ! ಹೆಂಗ ಉದರತೈತಿ!" ಅಂದ.

ನನ್ನಾಕಿ ಸೊಂಟದ ಮ್ಯಾಲ ಕೈ ಇಟ್ಟು ಬಂದ್ಲು. "ಸಾಹೇಬ್ರ, ಅಷ್ಟು ಜೋರಿಲೆ ಬಡದ್ರ ನಮ್ಮ ಮನಿಯವರ ಮೈಯಾಗಿಂದನೂ ಎರಡು ಬುಟ್ಟಿ ಉದರತೈತಿ. ಹಂಗಂತ ಅವರನ್ನ ಕೆಡವಾಕ ಆಕ್ಕೈತೇನು?"

ಅಂವಾ ಸಿಟ್ಟಿಲೆ ಮಾಳಿಗಿ ಏರಿದ. ಹಿಂದ ನಾನೂ ಓಡಿದ್ನಿ. ಮಾಳಿಗಿ ಕಟ್ಟಿಗಿ ಫಳಿ ಮ್ಯಾಲ ಯಾರರ ನಡದ್ರ ಮನಿಯೆಲ್ಲಾ ಕಿರ್ ಅಂತಿತ್ತು. ಅದಕ್ಕ ಮಾಮಾ ಬುದ್ಧಿ ಓಡಿಸಿ, ಹೆಂಡತಿ, ಅತ್ತಿ, ಇಬ್ಬರು ನಾದಿನ್ಯಾರನ್ನ ನಾಕು ಮೂಲಿಗೆ ಕೂಡಿಸಿ, ನಟ್ಟನಡಕ ತಾ ಕೂತಿದ್ದ. ಯಾರೂ ಮಿಸುಕವಲ್ರು. ದೋಣ್ಯಾಗ ಕೂತಂಗ!

"ಯಾಕ ಹಿಂಗ ಕೂತೀರಿ?"

"ಎಂತದ್ದೂ ಇಲ್ಲ ಸಾರ್. ಇವತ್ತು ನಮ್ಮಲ್ಲಿ ಮೌನವ್ರತ."

"ಮತ್ತ ನೀವು ಮಾತಾಡಾಕತ್ತೀರಿ?"

ಮಾಮಾ ಕಣ್ಣ ಮಿಟಕಿಸಲಿಲ್ಲ. "ನನ್ನದು ನಾಳೆ ಸಾರ್."

೨. ಪತ್ರ ಬರದದ್ದು

ಇನ್ಸ್‌ಪೆಕ್ಟರ್ ತಾ ಏನೂ ಬರೀಲಿಲ್ಲ. ದೊಡ್ಡ ಇಂಜಿನಿಯರ್ ಬಂದು ನೋಡಬೇಕು ಅಂತ ಹೇಳಿ ಹೋದ. ಅಂದ್ರ ನಮ್ಮ ಕುತ್ತಿಗಿಗೆ ಹಗ್ಗ ಹಾಕಿ, ಜಗ್ಗೂದನ್ನ ಮುಂದೂಡಿದಂಗ. ನನಗ ಅನ್ನ ಸೇರಲಿಲ್ಲ. ವಿಕ್ರೋಳಿ ಆಫೀಸಿನ್ಯಾಗ ನನ್ನ ಬಾಜೂಕ ಕೂಡಂವಾ ನನ್ನ ಮಾರಿ ನೋಡಿ ಅಂದ, "ಮನಿ ಕಟ್ಟೂ ವಿದ್ಯಾ ಕಲಿಸೋ ಕಾಲೇಜಿನ್ಯಾಗ ಒಬ್ಬ ಪ್ರೊಫೆಸರ್ ಅದಾನ. ಹಳೇ ಮನಿ ಕೆಡವಬ್ಯಾಡ್ರಿ ಅಂತ ಪೇಪರಿನ್ಯಾಗ ಅಳತಿರ್ತಾನ. ಅವಗ ಬರಿ."

ಬರದ್ನಿ. ಮೊದಲಿಗೆ ಖರೇನ ಬರದ್ನಿ: ಕಂಬ, ಗಾಜು, ಫರಸಿ. ಓದಿ ನೋಡಿದ್ರ ಸಪ್ಪಗ, ಉಪ್ಪಿಲ್ಲದ ಸಾರು. ಆಮ್ಯಾಲ ಪೆನ್ನು ತಾನ ಓಡಿತು. ಬ್ರಿಟಿಷರ ಗವರ್ನರ್, ಅದ ಲಾಟ್ ಸಾಹೇಬ, ನಮ್ಮ ಪಡಸಾಲಿಯೊಳಗ ಕೂತು ಚಹಾ ಕುಡದ ಅಂತ ಬರದ್ನಿ. ಆನಿ ಮ್ಯಾಲ ಬಂದಿದ್ದ ಅಂತನೂ ಬರದಿದ್ದೆ. ಅದೊಂದೀಟು ಹೆಚ್ಚಾತು ಅನಸಿ, ಆನಿ ಹೊಡದು ಹಾಕಿ ಕುದರಿ ಇಟ್ನಿ.

ಎಂಟ ದಿನದಾಗ ಪ್ರೊಫೆಸರ್ ಬಂದ ನಿಂತ! "ಲಾಟ್ ಸಾಹೇಬ ಎಲ್ಲಿ ಕೂತಿದ್ದ?"

ನನ್ನಾಕಿಗೆ ಈ ಪತ್ರದ ಸುದ್ದಿನ ಗೊತ್ತಿಲ್ಲ. ಆದ್ರ ಹೊರಗಿನವರ ಮುಂದ ಗಂಡನ ಮರ್ಯಾದಿ ಬಿಡೂ ಹೆಣ್ಣಲ್ಲ ಅಕಿ. "ಇದ ಕುರ್ಚಿ ಮ್ಯಾಲ್ರಿ" ಅಂತ ತೋರಿಸೇ ಬಿಟ್ಲು. ನಾ ಬೈಕುಲ್ಲಾದ ಹಳೇ ಸಾಮಾನಿನ ಅಂಗಡಿಯಿಂದ ತಲಿ ಮ್ಯಾಲ ಹೊತಕೊಂಡು ಬಂದದ್ದು ಅದು.

ಪ್ರೊಫೆಸರ್ ಕುರ್ಚಿ ಬೋರಲ ಹಾಕಿದ. "ತಾಯಿ, ಇದರ ಕೆಳಗ ಇರಾಣಿ ಹೋಟೆಲಿನ ಹೆಸರು ಐತಲ್ಲ?"

"ಹೌದ್ರಿ. ಸಾಹೇಬ ಒಮ್ಮಿಂದೊಮ್ಮೆ ಬಂದ್ರ ಆವಾಗ ಮನ್ಯಾಗ ಕುರ್ಚಿ ಎಲ್ಲಿದ್ವು? ಚಹಾದ ಜೊತಿ ಅದನ್ನೂ ಹೋಟೆಲಿಂದನ ತರಿಸಿದ್ರಂತ!"

೩. ಪಾವಣ್ಯಾರು ಬರತಾರಂತ

ಪ್ರೊಫೆಸರ್ ಹೊಟ್ಟಿ ಹಿಡಕೊಂಡು ನಕ್ಕ. ಆದ್ರ ಫರಸಿ ನೋಡಿದ ಕೂಡ್ಲೆ ಮೊಣಕಾಲೂರಿ ಕೂತು, ಅಂಗೈಲೆ ಒರಸಿ, "ನಿಮ್ಮ ಲಾಟ್ ಸಾಹೇಬ ಸುಳ್ಳು, ಮನಿ ಖರೇ" ಅಂದ. "ಇಂಥಾ ಕೆಲಸ ಈಗ ಯಾರಿಗೂ ಬರೂದಿಲ್ಲ. ಮುಂದಿನ ಆಯಿತವಾರ ದೊಡ್ಡ ಇಂಜಿನಿಯರ್ ಬರೋ ಹೊತ್ತಿಗೆ ನಾನೂ ಬರತೀನಿ. ಅಲ್ಲೀತನಕ ಒಂದು ಮೊಳಿ ಸುದ್ದಾ ಮುಟ್ಟಬ್ಯಾಡ್ರಿ."

ನಾವೇನೂ ಮುಟ್ಟಬಾರದು ಅಂತನ ಇದ್ವಿ. ಶನಿವಾರ ಬಂದಕೂಡ್ಲೆ ಎಲ್ಲಾರಿಗೂ ಅಂಜಿಕಿ ಸುರು ಆತು. ನಮ್ಮ ಕಡೆ ಕನ್ಯಾ ನೋಡಾಕ ನಾಕು ಮಂದಿ ಪಾವಣ್ಯಾರು ಬಂದ್ರೂ ಮನಿಗೆ ಸುಣ್ಣಾ ಹಚ್ಚತೀವಿ. ಇಲ್ಲಿ ಮನೀನ ಕನ್ಯಾ! ಹಂಗ ಮೈ ತೊಳೀದ ತೋರಿಸೂದ? ಮಾಮಾನ ಭಾವ ರೇಲ್ವೆ ವರ್ಕ್‌ಶಾಪಿನ್ಯಾಗ ಇದ್ದ. ಎರಡು ಡಬ್ಬಿ ಹಸರು ಆಯಿಲ್ ಪೇಂಟ್ ಬಂತು. ಸಾಗವಾನಿ ಕಂಬಕ್ಕ ಹಚ್ಚಿದ್ವಿ, ಹಿತ್ತಾಳಿ ಹಿಡಕಿಗೆ ಹಚ್ಚಿದ್ವಿ, ಕಿಡಕಿ ಗಾಜು ಒಂದೊಂದು ಒಂದೊಂದು ಬಣ್ಣ ಯಾಕ ಅಂತ ಎಲ್ಲಾಕ್ಕೂ ಹಸರ ಹಚ್ಚಿದ್ವಿ. ನನ್ನಾಕಿ ಹೂವಿನ ಫರಸಿಗೆ ಕೆಂಪಗ ಹುರಮಂಜು ಬಳದು, ಅದರ ಮ್ಯಾಲ ರಂಗೋಲಿ ಹಾಕಿದ್ಲು, ಅದೂ ಹೂವಿಂದ.

ಆಯಿತವಾರ ಪ್ರೊಫೆಸರ್ ಬಂದು ಬಾಗಲದಾಗ ನಿಂತ. ಕಣ್ಣಿಗೆ ಕತ್ತಲಿ ಬಂದಂಗಾಗಿ ಕಂಬ ಹಿಡದ. ಕೈ ಅಂಟಿತು.

"ಮೊಳಿ ಸುದ್ದಾ ಮುಟ್ಟಬ್ಯಾಡ್ರಿ ಅಂದಿದ್ನೆಲ್ಲೋ!"

ಮಾಮಾ ಕೈ ಜೋಡಿಸಿದ. "ಮೊಳೆ ಮುಟ್ಟಲೇ ಇಲ್ಲ ಸಾರ್, ದೇವರಾಣೆ. ಬ್ರಷ್ಶಿನಲ್ಲೇ ಹಚ್ಚಿದ್ದು."

೪. ಶೇಠ ಇರಾಕ ಬಂದದ್ದು

ಅವತ್ತ ದೊಡ್ಡ ಇಂಜಿನಿಯರ್ ಬಂದ, ಜೊತಿಗೆ ಶೇಠ. ಪ್ರೊಫೆಸರ್ ಹಸರು ಕೈ ಬೀಸಿಕೋತ ಒಂದು ತಾಸು ಭಾಷಣ ಮಾಡಿದ. ಇಂಜಿನಿಯರ್ ಕಂಬಕ್ಕ ಚಾಕು ಚುಚ್ಚಿ ನೋಡಿದ, ಜಂತಿ ನೋಡಿದ, "ಇದೆಲ್ಲಿ ಬೀಳತೈತಿ? ಗಟ್ಟಿ ಐತಿ" ಅಂತ ಬರದು ಕೊಟ್ಟ. ನಾವು ಪೇಢೆ ಹಂಚಿದ್ವಿ.

ನಮ್ಮ ಬಾಯಾಗಿನ ಪೇಢೆ ಕರಗಿರಲಿಲ್ಲ, ಶೇಠ ಕಣ್ಣೀರ ಒರಸಿಕೋತ ಅಂದ, "ನಮ್ಮ ಅಜ್ಜ ಇಂಥಾ ಮಹಲು ಕಟ್ಟಿಸಿದ್ದು ನನಗ ಗೊತ್ತ ಇರಲಿಲ್ಲ. ಇದನ್ನ ಕೆಡವೂದಿಲ್ಲ. ನಾನ ಬಂದು ಇರತೀನಿ. ನೀವೆಲ್ಲಾ ಖಾಲಿ ಮಾಡ್ರಿ!"

ಮನಿ ಉಳೀತು, ನಾವು ಹೋದ್ವಿ! ನನ್ನ ಪತ್ರದ ಸುದ್ದಿ ಶೇಠನ ಕಿವಿಗೂ ಬಿದ್ದಿತ್ತು. ನಾ ಶೇಠನ ಕಾಲ ಹಿಡದು, ಲಾಟ್ ಸಾಹೇಬ ಸುಳ್ಳರಿ, ಕುದರಿನೂ ಸುಳ್ಳರಿ ಅಂದ್ನಿ. ನಂಬಲಿಲ್ಲ.

ನಾವು ಬ್ಯಾರೆ ಮನಿ ಹುಡಕೂದ್ರಾಗ, ಮಳೆಗಾಲದ ಮೊದಲನೇ ವಾರ ಶೇಠ ವಾಲ್ಕೇಶ್ವರದ ತನ್ನ ಫ್ಲ್ಯಾಟ್ ಬಿಟ್ಟು, ಶೇಠಾಣಿನ್ನ ಕರಕೊಂಡು ಮುಂದಿನ ಖೋಲಿಗೆ ಬಂದ. ನಸುಕಿನ್ಯಾಗ ನಳದ ಮುಂದ ಪಾಳಿ. ಶೇಠ ಬಕೀಟ ಹಿಡದು ನಟ್ಟನಡಕ ನುಗ್ಗಿದ. "ನಾ ಮನಿ ಮಾಲಕ!"

"ನಳದ ಮಾಲಕ ಮುನ್ಸಿಪಾಲ್ಟಿ. ಹಿಂದ ನಿಂದರ್ರಿ," ಅಂದ್ಲು ನನ್ನಾಕಿ.

ನಮ್ಮ ಪಾಯಖಾನಿಗೆ ಚಿಲಕ ಇರಲಿಲ್ಲ. ಒಳಗಿದ್ದಾವ್ರು ಹಾಡಬೇಕು, ಅದು ಮನಿ ರಿವಾಜು. ಶೇಠಗ ಹಾಡು ಬರೂದಿಲ್ಲ. ಪಾಪ, ಹದಿಮೂರರ ಮಗ್ಗಿ ಅಂತಿದ್ದ. ನೂರಾ ನಾಕಕ್ಕ ಬಂದು ತಪ್ಪಿದ, ಸುಮ್ಮನಾದ, ಮಾಮಾ ಬಾಗಲಾ ತಗದಬಿಟ್ಟ. ಅವತ್ತ ಮಧ್ಯಾಹ್ನ ಚಿಲಕ ಬಂತು! ಮರುದಿವಸ ಶೇಠಾಣಿ ಹಾಸಿಗಿ ಮ್ಯಾಲ ಹಂಚು ಸೋರಿತು. ಸಂಜಿಕ ಮುಂದಿನ ಮಾಡಿಗೆಲ್ಲಾ ಹೊಸಾ ಹಂಚು ಬಂತು. ನಾಕನೇ ದಿವಸ ಎರಡನೇ ನಳ. ಹದಿನೆಂಟು ವರ್ಷ ಬೇಡಿಕೊಂಡ್ರೂ ಒಬ್ಬ ಗೌಂಡಿನ್ನ ಕಳಿಸದಾಂವ!

ಎಂಟನೇ ದಿವಸ ಶೇಠಾಣಿ ಟ್ಯಾಕ್ಸಿಯೊಳಗ ಹೋಗಿ ಕೂತ್ಲು, ಇಳೀವಲ್ಲಳು. ಶೇಠ ಬಾಗಲದಾಗ ನಿಂತು ಕೈ ಮುಗದ. "ಯಾರೂ ಖಾಲಿ ಮಾಡಬ್ಯಾಡ್ರಿ. ಸಾಯೂತನಕ ನೀವ ಇರ್ರಿ. ಈ ಮನಿಗೆ ನೀವ ಲಾಯಕ್ಕು."

ನನಗ ಅಳು ಬಂತು, ಖುಷಿಗೆ. ಮಾಮಾ ಅಂತೂ ಕಂಬಾನ ಅಪ್ಪಿಕೊಂಡ. ಶೇಠ ಟ್ಯಾಕ್ಸಿ ಏರಿದ್ದ ತಡ, ನನ್ನಾಕಿ ಓಡಿ ಹೋಗಿ ಟ್ಯಾಕ್ಸಿ ಕಿಡಕಿ ಹಿಡದ್ಲು. ಕ್ಷಮಾ ಕೇಳತಾಳೇನೋ ಅಂದಕೊಂಡ್ನಿ.

"ಶೇಠಜಿ, ಇನ್ನೆರಡು ದಿವಸ ಇದ್ದು ಹೋಗ್ರಲ್ಲ," ಅಂದ್ಲು. "ಈ ಸಲ ನಮ್ಮ ಅಡಗಿಮನ್ಯಾಗ ಮಲಕೋರಿ. ಅದೊಂದು ಇನ್ನೂ ಸೋರತೈತಿ."