ಹರಿಹರಕ್ಕೆ ಹೋದ ಕೀಬೋರ್ಡು

ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸುವುದನ್ನು ನಾನು ಟೈಪಿಂಗ್ ಎಂದು ಒಪ್ಪಿಯೇ ಇಲ್ಲ. ಒತ್ತಿದರೆ ಗುಂಡಿ ಇಳಿಯುವುದಿಲ್ಲ, ಟಕ್ ಎನ್ನುವುದಿಲ್ಲ. ರೊಟ್ಟಿಯ ಹಿಟ್ಟು ನಾದಿದ ಹೆಬ್ಬೆರಳಿಗೆ ಅಕ್ಕಿಕಾಳಿನಷ್ಟು ಜಾಗ ತೋರಿಸಿ ಇಲ್ಲೇ ಒತ್ತು ಎಂದರೆ ಹೇಗೆ? ಕಾನ್ವೆಂಟಿನಲ್ಲಿ ಓದಿದವಳಿಗೆ ಕನ್ನಡ ಟೈಪಿಂಗ್ ಯಾಕೆಂದು ಗೆಳತಿಯರು ನಕ್ಕರೂ ಸೀನಿಯರ್ ಪಾಸು ಮಾಡಿದವಳು ನಾನು. ನಮ್ಮ ಮೇಡಂ ಕೈಗಳ ಮೇಲೆ ಕರವಸ್ತ್ರ ಹೊದಿಸಿ ಕಲಿಸಿದ್ದರು. ಕೀ ನೋಡಬಾರದು, ಬರೆದದ್ದನ್ನೂ ನೋಡಬಾರದು. ನೋಡುವವರು ಕಲಿಯದವರು!

ಆದ್ದರಿಂದ ಮಂಡಿಪೇಟೆಗೆ ಹೋಗಿ, ಫೋನಿಗೆ ವೈರಿಲ್ಲದೆ ಜೋಡಿಸುವ ಕೀಬೋರ್ಡು ತಂದೆ.

"ಫೋನಿಗಿಂತ ಇದೇ ದೊಡ್ದೈತಲ್ಲೇ!" ಎಂದರು ನಮ್ಮವರು.

"ಮಗೂಗಿಂತ ತೊಟ್ಲು ದೊಡ್ಡದೇ ಇರ್ತೈತ್ರಿ," ಎಂದೆ.

ಅಷ್ಟರಲ್ಲಿ ಹರಿಹರದಲ್ಲಿರುವ ನಾದಿನಿ ಗಿರಿಜಾಳ ಮಗಳಿಗೆ ಮಾಯಕೊಂಡದ ಗಂಡು ಗೊತ್ತಾಯಿತು. ಊಟ ಯಾರದು, ಬಸ್ಸು ಯಾರದು, ಓಲಗ ಯಾರದು ಎಂದು ಎರಡೂ ಮನೆಯವರು ಕೂತು ಬರೆದು ಸಹಿ ಹಾಕುವ ಪಟ್ಟಿಗೆ ನಮ್ಮಲ್ಲಿ ಯಾದಿ ಎನ್ನುತ್ತೇವೆ. ಯಾದಿ ಆದರೆ ಮದುವೆ ಆದಂತೆಯೇ.

"ಮೂರು ಗಂಡು ತಪ್ಪಿ ಇದು ಕೂಡಿ ಬಂದೈತೆ ಅತ್ತಿಗೆ. ಯಾದಿ ಸುಸೂತ್ರ ಆದ್ರೆ ಸಾಕು," ಎಂದಳು ಗಿರಿಜಾ.

"ನಾನೇ ಟೈಪ್ ಮಾಡಿ ಎರಡೂ ಮನೆಯವರ ಗ್ರೂಪಿಗೆ ಹಾಕ್ತೀನಿ, ನಿಶ್ಚಿಂತೆಯಾಗಿರು," ಎಂದು ಘೋಷಿಸಿದೆ.

ಯಾದಿಯ ದಿನ ಗಿರಿಜಾಳ ಮನೆಯ ಪಡಸಾಲೆಯಲ್ಲಿ, ಜಮಖಾನದ ಮೇಲೆ ಗಂಡಿನ ಕಡೆಯವರು ಸಾಲಾಗಿ ಕೂತರು. ನನ್ನ ತೊಡೆಯ ಮೇಲೆ ಕೀಬೋರ್ಡು, ಪಕ್ಕದ ಬ್ಯಾಗಿನಲ್ಲಿ ಫೋನು. ಯಾದಿ ಹೇಳಿ ಬರೆಸಬೇಕಾದ ಅಯ್ಯನವರು ಕನ್ನಡಕ ಹುಡುಕುತ್ತಿದ್ದರು. ಗಿರಿಜಾ ಅಡುಗೆಮನೆಯ ಬಾಗಿಲಿಂದ ಬಗ್ಗಿ ಪಿಸುಗುಟ್ಟಿದಳು: "ಒಲೆ ಬಿಟ್ಟು ಬರೋಕಾಗಲ್ಲ ಅತ್ತಿಗೆ. ಅವ್ರು ಹೆಂಗದಾರೆ ಅಂತ ನನ್ ಫೋನಿಗೆ ಹಾಕ್ತಾ ಇರ್ರಿ."

ಫೋನಿನಲ್ಲಿ ಗಿರಿಜಾಳ ಹೆಸರು ಒತ್ತಿದೆ. ಇಡೀ ದಿನದಲ್ಲಿ ನಾನು ಗಾಜು ಮುಟ್ಟಿದ್ದು ಅದೊಂದೇ ಸಲ. ಆಮೇಲೆ ಬೀಗರತ್ತ ಮುಗುಳ್ನಗುತ್ತ ಶುರು ಮಾಡಿದೆ.

'ಹುಡುಗನ ತಂದೆ ಕುಂಡದ ಗಿಡದ ಎಲೆ ಚಿವುಟಿದರು. ಪ್ಲಾಸ್ಟಿಕ್ಕೋ ಎಂದು ಅನುಮಾನ.'

'ತಾಯಿಯ ಹೊಸ ಸೀರೆಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ.'

'ಹುಡುಗ ನಮ್ಮ ಹುಡುಗಿಗಿಂತ ಮಿರ್ಚಿ ತಟ್ಟೆಯನ್ನೇ ಹೆಚ್ಚು ನೋಡುತ್ತಿದ್ದಾನೆ.'

ಪ್ರತಿ ಸಾಲಿನ ಕೊನೆಗೂ ಟೈಪ್‌ರೈಟರಿನ ಅಭ್ಯಾಸದಂತೆ ಎಂಟರ್ ಒತ್ತುತ್ತಿದ್ದೆ. ಒತ್ತಿದಾಗಲೆಲ್ಲ ಪಡಸಾಲೆಯಲ್ಲಿ ಏಳೆಂಟು ಫೋನುಗಳು ಟಿಣ್ ಎನ್ನುತ್ತಿದ್ದವು. ಹಿರಿಯರ ಮುಂದೆ ಫೋನಿನ ಬಾಯಿ ಮುಚ್ಚಿಸಬಾರದೆ? 'ಶಿಸ್ತಿಲ್ಲದ ಜನ' ಎಂದು ಅದನ್ನೂ ಟೈಪಿಸಿದೆ. ಟಿಣ್!

"ಎಷ್ಟು ಚುರುಕ್ರಿ ನಿಮ್ ಬೆರಳು! ಯಾದಿ ಆಗ್ಲೇ ಶುರು ಮಾಡಿದ್ರೇನು?" ಎನ್ನುತ್ತ ಹುಡುಗನ ತಾಯಿ ತಮ್ಮ ಫೋನು ಕೈಗೆತ್ತಿಕೊಂಡರು.

ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಫೋನು ತೆಗೆದು ಓದಿದರು. ಹುಡುಗನ ತಂದೆ ಎಲೆಯನ್ನು ಮೆಲ್ಲಗೆ ಬಿಟ್ಟರು. ಹುಡುಗ ತಟ್ಟೆಯನ್ನು ದೂರ ತಳ್ಳಿದ. ಎದುರಿಗಿದ್ದ ನಮ್ಮವರ ಮುಖ ಸುಣ್ಣ ಬಳಿದಂತಾಗಿತ್ತು.

"ಲೇ, ಫೋನ್ ನೋಡೇ," ಎಂದರು ಹಲ್ಲು ಕಚ್ಚಿ.

"ನೋಡಬಾರದು ರೀ, ವೇಗ ಕಡಿಮೆ ಆಗುತ್ತೆ!"

"ನೋಡೇ ಅಂದ್ರೆ!"

ನೋಡಿದೆ. ನನ್ನ ಹೆಬ್ಬೆರಳು ಗಿರಿಜಾಳ ಹೆಸರಿನ ಮೇಲಿದ್ದ ಎರಡೂ ಮನೆಯವರ ಗ್ರೂಪನ್ನು ತೆರೆದು ಕೂತಿತ್ತು!

ಗಿರಿಜಾ ಜಾಲರಿ ಸೌಟು ಹಿಡಿದೇ ಓಡಿ ಬಂದಳು. ಅವಳ ಕಣ್ಣಲ್ಲಿ ನೀರು. ನಾನು ಎದ್ದು ಕೈಮುಗಿದೆ.

"ತಪ್ಪೆಲ್ಲ ನಂದೇ. ನಮ್ಮ ಹುಡುಗಿ ಬಂಗಾರದಂಥವಳು. ಅವಳಿಗೆ ಟೈಪಿಂಗ್ ಬರೋದೇ ಇಲ್ಲ!"

ಹುಡುಗನ ತಾಯಿ ಸೆರಗು ತಡಕಿ ಚೀಟಿಯನ್ನು ಪಟ್ಟನೆ ಕಿತ್ತರು. ಒಂದು ಕ್ಷಣ ಅದನ್ನೇ ದಿಟ್ಟಿಸಿದರು. ಆಮೇಲೆ ನಗು ಒತ್ತರಿಸಿ ಬಂತು.

"ಮಾಯಕೊಂಡದಿಂದ ಈ ಚೀಟಿ ಚುಚ್ಚಿ ಚುಚ್ಚಿ ಸಾಕಾಗಿತ್ತು. ಜತಿಗೆ ಬಂದ ಇಷ್ಟು ಜನದಾಗ ಒಬ್ರೂ ಹೇಳಲಿಲ್ಲ, ಇವರು ಹೇಳಿದ್ರು ನೋಡ್ರಿ! ಅಯ್ಯನೋರೆ, ಯಾದಿನ ಪೆನ್ನಿನಾಗ ಬರೀರಿ. ಮೊದ್ಲು ಇದನ್ನ ಹಾಕ್ರಿ: ಮದುವಿ ಮುಗಿಯೋತನಕ ಇವರ ಕೀಬೋರ್ಡು ಬೀರುವಿನಾಗ ಇರಬೇಕು."

ಊಟದ ಬಗ್ಗೆ ಅರ್ಧ ಗಂಟೆ ಜಗ್ಗಾಟವಾಯಿತು. ಬಸ್ಸಿನ ಬಗ್ಗೆ ಒಂದು ಗಂಟೆ. ಒಂದೇ ಒಂದು ಮಾತಿಲ್ಲದೆ ಎರಡೂ ಕಡೆಯವರು ಒಪ್ಪಿದ್ದು ನನ್ನ ಕೀಬೋರ್ಡಿನ ಕಲಮನ್ನು ಮಾತ್ರ. ಮೊದಲ ಸಹಿ ನಮ್ಮವರದು!