ಏಜೆಂಟ್ ಗಂಗಾಧರಪ್ಪನ ಮನೆ ವ್ಯವಹಾರ

ಕಡಲೆಕಾಯಿ ಮಂಡಿಯ ಗಂಗಾಧರಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಮಾತು: ಏಜೆಂಟ್. ಆ ಒಂದೇ ಮಾತಿನಲ್ಲಿ ಅವನು ರಾಯದುರ್ಗವನ್ನೆಲ್ಲ ಗೆದ್ದುಕೊಂಡಿದ್ದ. ಮೊದಲು ಜನ ಅವನನ್ನು ದಲ್ಲಾಳಿ ಅನ್ನುತ್ತಿದ್ದರು. ಮದರಾಸಿನ ಎಣ್ಣೆ ಕಂಪನಿಯವರು ಬೋರ್ಡು ಕಳಿಸಿದ ಮೇಲೆ ದಲ್ಲಾಳಿ ಸತ್ತು ಏಜೆಂಟ್ ಹುಟ್ಟಿದ.

"ಮಾಲು ಅವರದು, ರೊಕ್ಕ ಇವರದು, ನಡುವಿನ ಮಾತು ನಮ್ಮದು. ಅದಕ್ಕ ಏಜೆಂಟ್ ಅಂತಾರ್ರಿ. ವಿಮೆ ಮಾರೋನೂ ಏಜೆಂಟೇ, ರೈಲ್ ಕಂಪನಿಗೆಲ್ಲ ದೊಡ್ಡ ದೊರಿ ಅದಾನಲ್ರಿ, ಅವನೂ ಏಜೆಂಟೇ!" ಎಂದು ಮಂಡಿಯ ಗಾದಿಯ ಮೇಲೆ ಕೂತು ಅರ್ಥ ಬಿಡಿಸುತ್ತಿದ್ದ. (ಆ ದೊರೆಯೂ ತಾನೂ ಒಂದೇ ಕುಲದವರೆಂಬುದು ಅವನ ಸಿದ್ಧಾಂತ. ದೊರೆಗೆ ಈ ನೆಂಟಸ್ತನ ಗೊತ್ತಿರಲಿಲ್ಲ.)

ಮನೆಯಲ್ಲಿ ಮಾತ್ರ ಈ ಬಿರುದಿಗೆ ಕವಡೆ ಕಿಮ್ಮತ್ತಿರಲಿಲ್ಲ. ತಾಯಿ ಪಂಪಮ್ಮನಿಗೂ ಹೆಂಡತಿ ದ್ರಾಕ್ಷಾಯಣಮ್ಮನಿಗೂ ಎಣ್ಣೆ ಸೀಗೆಕಾಯಿ. ಸಾರಿಗೆ ಹುಳಿ ಹೆಚ್ಚಾಯಿತೆಂದು ಶುರುವಾದ ಜಗಳ ಒಂದು ದಿನ ತಾರಕಕ್ಕೇರಿತು.

"ಗಂಗಾಧರಾ, ನಿನ್ನ ಹೇಂತಿಗೆ ಹೇಳಿಬಿಡು. ಇನ್ನೊಂದು ಮಾತಂದ್ರ ನಾ ಶ್ರೀಶೈಲಕ್ಕ ಹೋಗಿ ಅಲ್ಲೇ ಕುಂದರ್ತೀನಿ" ಎಂದಳು ತಾಯಿ.

"ನಿಮ್ಮಮ್ಮನಿಗೆ ಹೇಳ್ರಿ, ನಾನು ನಾಳೆ ಮೋಟಾರಿಗೇ ಮಡಕಶಿರಕ್ಕೆ ಹೊಂಟೆ" ಎಂದಳು ಹೆಂಡತಿ. ಮಡಕಶಿರ ಅವಳ ತವರು.

ಗಂಗಾಧರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಬ್ಬಳು ಹೋದರೆ ರೊಟ್ಟಿ ಹೋಯಿತು, ಇನ್ನೊಬ್ಬಳು ಹೋದರೆ ಕಾಫಿ ಹೋಯಿತು. ಒಲೆ ಊದಿ ಗೊತ್ತಿದ್ದ ಜೀವವಲ್ಲ ಅದು. ಆದರೆ 'ಅವಳಿಗೆ ಹೇಳು, ಇವಳಿಗೆ ಹೇಳು' ಎಂಬುದು ಕಿವಿಗೆ ಬಿದ್ದದ್ದೇ ತಡ, ವ್ಯಾಪಾರದ ಬುದ್ಧಿ ಎಚ್ಚೆತ್ತಿತು. ಎರಡು ಪಾರ್ಟಿ, ನಡುವೆ ಮಾತು!

ಮರುದಿನವೇ ಮನೆಯಲ್ಲಿ ಏಜೆನ್ಸಿ ಶುರುವಾಯಿತು. ಅಡುಗೆಮನೆಯಲ್ಲಿ ಹೆಂಡತಿ "ಮುದುಕಿ ನಾಲಿಗೆ ಮೊಳ ಉದ್ದ" ಅಂದರೆ, ತಾಯಿ ಕೂತ ಪಡಸಾಲೆಗೆ ಬರುವಷ್ಟರಲ್ಲಿ ಅದು "ಅತ್ತೆ ಕೈರುಚಿ ನನಗೆ ಏಳು ಜನ್ಮಕ್ಕೂ ಬರಲ್ಲ" ಎಂದಾಗುತ್ತಿತ್ತು. ಪಡಸಾಲೆಯ "ಮೈಗಳ್ಳಿ" ಒಳಗೆ ತಲುಪುವಾಗ "ಆಕಿ ಸೊಸಿ ಅಲ್ಲ, ನನ್ನ ಮಗಳು" ಎಂದಾಗುತ್ತಿತ್ತು. (ಮಂಡಿಯಲ್ಲಿ ಇದಕ್ಕೆ ಮಾಲು ಹಸನು ಮಾಡುವುದು ಎನ್ನುತ್ತಾರೆ.)

"ನಿಜವಾಗ್ಲೂ ಹಂಗಂದ್ರಾ ಅತ್ತೆಮ್ಮ?" ಎಂದು ದ್ರಾಕ್ಷಾಯಣಮ್ಮ ಕಣ್ಣೊರೆಸಿಕೊಂಡು ಗಂಡನಿಗೆ ಎರಡನೇ ಲೋಟ ಕಾಫಿ ಕೊಟ್ಟಳು. ಪಂಪಮ್ಮ ಬೀಗ ಹಾಕಿಟ್ಟ ಪೆಟ್ಟಿಗೆ ತೆಗೆದು ಚಕ್ಕುಲಿ ಕೊಟ್ಟಳು. ಎರಡೂ ಕಡೆಯಿಂದ ಕಮಿಷನ್ನು! ಗಂಗಾಧರಪ್ಪನ ಹೊಟ್ಟೆ ಮುಂದೆ ಬಂತು, ನಡಿಗೆಗೆ ಗತ್ತು ಬಂತು.

ತಿಂಗಳು ಕಳೆಯುವುದರಲ್ಲಿ ಅತ್ತೆ ಸೊಸೆಯ ತಲೆ ಬಾಚುತ್ತಿದ್ದಳು, ಸೊಸೆ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಗಂಗಾಧರಪ್ಪ ಮಂಡಿಯಲ್ಲಿ ಎದೆ ತಟ್ಟಿಕೊಂಡ. "ಆ ಜರ್ಮನಿಗೂ ಇಂಗ್ಲೆಂಡಿಗೂ ನಡುವೆ ನನ್ನಂಥ ಒಬ್ಬ ಏಜೆಂಟ್ ಇದ್ದಿದ್ರ ಯುದ್ಧನ ಆಗ್ತಿದ್ದಿಲ್ರಿ!"

ಆ ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಎರಡು ಟ್ರಂಕು.

"ನನ್ನ ಮಗಳ ತವರು ನಾ ಸರಿಯಾಗಿ ನೋಡೇ ಇಲ್ಲಪ್ಪ. ಇಬ್ರೂ ಮುಂಜಾನಿ ಮೋಟಾರಿಗೆ ಹೋಗಿ, ಎರಡು ತಿಂಗಳ ಇದ್ದು ಬರ್ತೀವಿ" ಎಂದಳು ಪಂಪಮ್ಮ, ಸೊಸೆಯ ಕೆನ್ನೆ ಸವರುತ್ತ.

"ಇಬ್ರೂ ಅಂದ್ರ? ಮತ್ತ ನನ್ನ ಗತಿ?"

"ಏಜೆಂಟ್ರು ಇದ್ದೀರಲ್ಲ! ನಮ್ಮಿಬ್ರ ಪರವಾಗಿ ಮನೆ ನೋಡ್ಕಳಿ" ಎಂದಳು ದ್ರಾಕ್ಷಾಯಣಮ್ಮ. "ಎಮ್ಮೆ ಗಂಡಸ್ರ ಕೈಗೆ ಹಾಲು ಬಿಡಲ್ಲ. ನನ್ನ ಹಳೇ ಸೀರೆ ಗೂಟದ ಮೇಲಿದೆ, ಉಟ್ಕಂಡು ಕೂತ್ಕಳಿ."

ಮೋಟಾರು ಹೋದ ಮರುದಿನ ಬೆಳಿಗ್ಗೆ ಗಂಗಾಧರಪ್ಪ ಹೆಂಡತಿಯ ಸೀರೆ ಉಟ್ಟು, ಗಲ್ಲದ ತನಕ ಸೆರಗು ಎಳೆದುಕೊಂಡು, ಎಮ್ಮೆಯ ಕೆಚ್ಚಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. ಬಂಡಿ ತುಂಬ ಕಡಲೆಕಾಯಿ ಹೇರಿಕೊಂಡು ಬಂದ ರೈತ ಉಚ್ಚಂಗೆಪ್ಪ ಕೊಟ್ಟಿಗೆಯೊಳಗೆ ಇಣುಕಿದ.

"ಯವ್ವಾ, ಏಜೆಂಟ್ ಗಂಗಾಧರಪ್ಪನೋರು ಅದಾರೇನು?"

ಸೆರಗು ಇನ್ನೊಂದಿಷ್ಟು ಕೆಳಗಿಳಿಯಿತು. ಒಳಗಿಂದ ಸಣ್ಣ ದನಿ ಬಂತು.

"ಇಲ್ರೀ ಯಣ್ಣಾ... ಅವರು ಮಡಕಶಿರಕ್ಕ ಹೋಗ್ಯಾರ್ರಿ."