ಚಿಕ್ಕಮ್ಮನ ಕಸವಿಲ್ಲದ ಕ್ಯಾನ್ಸರ್

ನನ್ನ ಚಿಕ್ಕಮ್ಮನಿಗೆ ಕ್ಯಾನ್ಸರ್ ಬಂದಾಗ ನಿಜವಾಗಿ ಹೆದರಿದವರು ಆಸ್ಪತ್ರೆಯವರು!

ಮೂಡುಬಿದಿರೆ ಹತ್ತಿರದ ಪುತ್ತಿಗೆಯ ಈ ಹೆಂಗಸು ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ತೊಳೆದು, ಒಣಗಿಸಿ, ಅದರಲ್ಲಿ ಕರಿಬೇವಿನ ಗಿಡ ನೆಟ್ಟು, ಬೇಡವೆಂದರೂ ನೆಂಟರ ಕೈಗೆ ಕೊಟ್ಟು ಕಳಿಸುವವಳು. ಎದೆಯ ಗಂಟು ಕ್ಯಾನ್ಸರೆಂದು ಗೊತ್ತಾದ ದಿನ ನಾನು ಅಳುತ್ತಾ ಕೂತಿದ್ದರೆ, ಕೈಯಲ್ಲಿದ್ದ ಟಿಶ್ಯೂ ಕಿತ್ತುಕೊಂಡು ಕರ್ಚೀಫು ಕೊಟ್ಟಳು. "ಅಳುವುದಾದ್ರೆ ಇದರಲ್ಲಿ ಅಳು. ಒಗೀಲಿಕ್ಕೆ ಆಗ್ತದೆ."

ಮಂಗಳೂರಿನ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುವವಳು ನಾನೇ. ಸ್ಕ್ಯಾನಿಂಗಿಗೆಂದು ಒಮ್ಮೆ ತೊಟ್ಟು ಎಸೆಯುವ ನೀಲಿ ಅಂಗಿ ಕೊಟ್ಟರು.

"ಇದು ಆಮೇಲೆ ಎಲ್ಲಿಗೆ ಹೋಗ್ತದೆ?"

"ಕಸಕ್ಕೆ ಅಮ್ಮಾ," ಎಂದಳು ನರ್ಸ್.

"ಕಸ ಎಲ್ಲಿಗೆ ಹೋಗ್ತದೆ?"

ನರ್ಸಿಗೆ ಆಗಲೇ ಬೇರೆ ವಾರ್ಡಿನಿಂದ ಕರೆ ಬಂತು! ಮುಂದಿನ ಸಲ ಚಿಕ್ಕಮ್ಮ ಹಳೆಯ ದಾಸವಾಳ ಹೂವಿನ ಸೀರೆಯಲ್ಲಿ ಹೊಲಿದ ಅಂಗಿಯೊಂದಿಗೆ ಹಾಜರು. ಹೆಗಲ ಮೇಲೆ ಲಾಡಿ ಬೇರೆ!

"ಸಿರಿಂಜನ್ನೂ ಮನೆಯಿಂದಲೇ ತಂದಿದ್ದೀರಾ?" ನರ್ಸ್ ಕೇಳಿದಳು.

"ಛೆ, ಅದು ಹೊಸದೇ ಬೇಕು. ನನಗೇನು ಮರ್ಲಾ, ಹುಚ್ಚಾ?"

ಕಿಮೋ ಶುರುವಾದ ಮೇಲೆ ಅಲ್ಲಿ ಇನ್ನಿಬ್ಬರ ಪರಿಚಯವಾಯಿತು. ವಾಮದಪದವಿನ ಒಬ್ಬ ಟೀಚರು, ಅಳದಂಗಡಿಯ ಒಬ್ಬಳು ಎಳೆಯ ತಾಯಿ. ಮೂವರದ್ದೂ ಗುರುವಾರವೇ.

"ಒಂದೇ ಆಸ್ಪತ್ರೆ, ಒಂದೇ ದಿನ. ಕಾರು ಮಾತ್ರ ಮೂರಾ? ನಾವೇನು ಮಂತ್ರಿಗಳಾ? ಒಟ್ಟಿಗೆ ಹೋಗುವ!" ಎಂದಳು ಚಿಕ್ಕಮ್ಮ.

ಅಂದಿನಿಂದ ಅವರಿಬ್ಬರನ್ನೂ ಮನೆಯವರು ಮೂಡುಬಿದಿರೆಗೆ ತಂದುಬಿಡುತ್ತಿದ್ದರು. ಮುಂದಕ್ಕೆ ನನ್ನ ಕಾರು. ಏಸಿಗೆ ಕೈ ಹಾಕಿದರೆ ಹಿಂದಿನಿಂದ ಚಿಕ್ಕಮ್ಮನ ಗದರಿಕೆ: "ಕಿಟಕಿ ತೆಗಿ ಮಾರಾಯ್ತಿ. ಗಾಳಿಗೆ ಕೆದರಲಿಕ್ಕೆ ಇಲ್ಲಿ ಯಾರ ತಲೆಯಲ್ಲಿ ಕೂದಲುಂಟು?" ಕೂದಲು ಹೋಯಿತೆಂದು ಟೀಚರು ಕಣ್ಣೀರು ಹಾಕಿದಾಗ, "ಶಾಂಪೂ ತೊಟ್ಟೆ ಎಷ್ಟು ಉಳೀತು ನೋಡಿ!" ಎಂದಳು ಚಿಕ್ಕಮ್ಮ. ಟೀಚರು ಮೊದಲು ಬಾಯಿ ಬಿಟ್ಟು ನೋಡಿದರು. ಆಮೇಲೆ ಆ ಮೂವರೂ ನಕ್ಕ ಅಬ್ಬರಕ್ಕೆ ಪಕ್ಕದ ಬಸ್ಸಿನವರೆಲ್ಲ ಇಣುಕಿದರು!

ಚಿಕ್ಕಮ್ಮನ ಚಿಕಿತ್ಸೆ ಮುಗಿಯಿತು. ಟೀಚರದ್ದೂ ಮುಗಿಯಿತು. "ಇನ್ನು ರಕ್ತ ಪರೀಕ್ಷೆ ಮೂಡುಬಿದಿರೆಯಲ್ಲೇ ಮಾಡಿಸಿ. ನಾವು ಫೋನಲ್ಲಿ ಮಾತಾಡುವ. ಸುಮ್ಮನೆ ಇಷ್ಟು ದೂರ ಯಾಕೆ?" ಎಂದರು ಡಾಕ್ಟರು. ಚಿಕ್ಕಮ್ಮನಿಗೆ ಪದಕ ಸಿಕ್ಕಿದಷ್ಟು ಖುಷಿ. "ನನ್ನನ್ನು ನೋಡಿ ಅವರೂ ಕಲಿತ್ರು," ಎಂದು ಊರಿಡೀ ಹೇಳಿಕೊಂಡು ಬಂದಳು.

ಮುಂದಿನ ಗುರುವಾರ ಬೆಳಿಗ್ಗೆ ನೋಡಿದರೆ, ನನ್ನ ಗೇಟಿನಲ್ಲಿ ಸೀರೆ ಉಟ್ಟು ನಿಂತಿದ್ದಾಳೆ! ಅಳದಂಗಡಿಯವಳಿಗೆ ಇನ್ನೂ ಕಿಮೋ ಬಾಕಿ ಇತ್ತು. ಅವತ್ತು ಅವಳ ಅಣ್ಣನೇ ತನ್ನ ಕಾರಿನಲ್ಲಿ ಕರೆದೊಯ್ಯುವವನಿದ್ದ.

"ಅವಳಿಗೆ ಕಾರುಂಟಲ್ಲ ಚಿಕ್ಕಮ್ಮ. ನಿನಗೆ ಅಲ್ಲಿ ಏನು ಕೆಲಸ? ನಾವು ಹೋದ್ರೆ ಪೆಟ್ರೋಲು ದಂಡ, ಹೊಗೆ ಬೇರೆ!" ಅವಳ ಪಾಠವನ್ನು ಅವಳಿಗೇ ಒಪ್ಪಿಸಿದೆ.

"ಆಗಲಿ," ಎಂದು ಕಾರು ಹತ್ತಿದಳು. "ನೀನು ಏಸಿ ಬೇಕಾದ್ರೂ ಹಾಕು. ಬೇಗ ಹೋಗುವ."

ದಾರಿಯಿಡೀ ಗಂಟೆ ಎಷ್ಟೆಂದು ಕೇಳುತ್ತಲೇ ಇದ್ದಳು. ವಾರ್ಡಿನಲ್ಲಿ ಅಳದಂಗಡಿಯ ಹುಡುಗಿ ಕುರ್ಚಿಗೆ ಒರಗಿ, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ನರ್ಸ್ ಸೂಜಿ ಹಿಡಿದು ನಿಂತಿದ್ದಳು. ಚಿಕ್ಕಮ್ಮ ಮೆಲ್ಲಗೆ ಹೋಗಿ ಅವಳ ಇನ್ನೊಂದು ಅಂಗೈಯೊಳಗೆ ತನ್ನ ಕೈ ಇಟ್ಟಳು.

ಹುಡುಗಿ ಕಣ್ಣು ತೆರೆಯಲೇ ಇಲ್ಲ. ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬಂದ್ರಾ ಅಕ್ಕ?" ಎಂದಳು.